ಮನೆಯಲ್ಲೇ ಉಳಿದವರು ಬರೆಯುವ ಫಲಿತಾಂಶ

2014ರ ನವೆಂಬರ್‌ನಲ್ಲಿ ಅಮೆರಿಕದ ಸಂಸತ್ತಿಗೆ ಚುನಾವಣೆ ನಡೆದಾಗ, ಹಕ್ಕಿದ್ದ ನೂರು ಜನರಲ್ಲಿ ಮತ ಹಾಕಿದವರು ಮೂವತ್ತೇಳು ಮಂದಿಯೂ ಇರಲಿಲ್ಲ. ಎರಡನೇ ಮಹಾಯುದ್ಧದ ನಡುವೆ, 1942ರಲ್ಲಿ ನಡೆದ ಚುನಾವಣೆಯ ನಂತರ ಅಷ್ಟು ಕಡಿಮೆ ಮತದಾನವನ್ನು ಆ ದೇಶ ಕಂಡಿರಲಿಲ್ಲ. ಸರಿಯಾಗಿ ನಾಲ್ಕು ವರ್ಷಕ್ಕೆ, 2018ರಲ್ಲಿ, ಅದೇ ಬಗೆಯ ಚುನಾವಣೆಗೆ ಹೆಚ್ಚುಕಡಿಮೆ ಅರ್ಧದಷ್ಟು ಜನ ಬಂದರು. 1914ರ ಬಳಿಕ ಅದೇ ದಾಖಲೆ. ನಡುವಿನ ನಾಲ್ಕು ವರ್ಷದಲ್ಲಿ ಸಂವಿಧಾನ ತಿದ್ದುಪಡಿಯಾಗಿರಲಿಲ್ಲ, ಮತದಾನದ ವಾರ ಬದಲಾಗಿರಲಿಲ್ಲ, ಕಣದಲ್ಲಿದ್ದದ್ದು ಅದೇ ಎರಡು ಪಕ್ಷ.

ಹಾಗಾದರೆ ಬದಲಾದದ್ದೇನು ಎಂದು ಕೇಳಿದರೆ ಟಿ.ವಿ. ಚರ್ಚೆಗಳಲ್ಲಿ ಸಿಗುವ ಉತ್ತರ ಒಂದೇ: ಮತದಾರರ ಉತ್ಸಾಹ. ಉತ್ತರ ತಪ್ಪಲ್ಲ, ಆದರೆ ಅರ್ಧದಲ್ಲೇ ನಿಲ್ಲುತ್ತದೆ. ಉತ್ಸಾಹ ಮನಸ್ಸಿನಲ್ಲಿರುವುದು, ಮತ ಹಾಕುವುದು ಎದ್ದು ಹೋಗಿ ಮಾಡಬೇಕಾದ ಕೆಲಸ. ಎರಡರ ನಡುವೆ ನೋಂದಣಿಯ ಅರ್ಜಿ ಇದೆ, ಕೆಲಸದ ದಿನವಾದ ಮಂಗಳವಾರ ಇದೆ, ಬಾಗಿಲಿಗೆ ಬಂದು ಕೇಳಿದ ಅಥವಾ ಕೇಳದೇ ಹೋದ ಕಾರ್ಯಕರ್ತನಿದ್ದಾನೆ, ಹೋದ ಸಲ ಹಾಕಿದ್ದೆ ಎಂಬ ರೂಢಿ ಇದೆ. ಇವನ್ನೆಲ್ಲ ದಾಟಿ ಬಂದವರು ಯಾರು, ದಾಟಲಾಗದೆ ಉಳಿದವರು ಯಾರು ಎಂಬುದರ ಮೇಲೆ ಅಮೆರಿಕದ ಮಧ್ಯಾವಧಿ ಚುನಾವಣೆ ನಿಂತಿದೆ. ಮನಸ್ಸು ಬದಲಿಸಿ ಪಕ್ಷ ಬದಲಿಸುವವರು ಇದ್ದೇ ಇರುತ್ತಾರೆ, ಅವರಿಂದಲೂ ಗೆಲುವು ಸೋಲು ಆಗುತ್ತದೆ. ಆದರೆ ಈ ಚುನಾವಣೆಯ ಗುಣವನ್ನು ಅರಿಯಬೇಕಾದರೆ ಮನೆಯಲ್ಲೇ ಉಳಿದವರಿಂದ ಶುರುಮಾಡಬೇಕು.

ಅಧ್ಯಕ್ಷರ ಹೆಸರಿಲ್ಲದ ಮತಪತ್ರ

ನಮ್ಮಲ್ಲಿ ಸರ್ಕಾರ ಬಿದ್ದು ಅವಧಿಗೆ ಮೊದಲೇ ಎದುರಾಗುವ ಚುನಾವಣೆಯಂಥದ್ದಲ್ಲ ಅಮೆರಿಕದ ಮಧ್ಯಾವಧಿ. ಅಲ್ಲಿ ತಾರೀಖು ಕಾನೂನಿನಲ್ಲೇ ಬರೆದಿದೆ. ಅಧ್ಯಕ್ಷರ ಅವಧಿ ನಾಲ್ಕು ವರ್ಷ, ಸಂಸತ್ತಿನ ಕೆಳಮನೆಯಾದ ಪ್ರತಿನಿಧಿಗಳ ಸಭೆಯ ಅವಧಿ ಎರಡೇ ವರ್ಷ, ಸೆನೆಟ್ ಸದಸ್ಯರದು ಆರು. ಹೀಗಾಗಿ ಅಧ್ಯಕ್ಷರ ಅವಧಿಯ ನಡುವಿಗೆ ಬರುವ ನವೆಂಬರ್‌ನಲ್ಲಿ ಕೆಳಮನೆಯ 435 ಸ್ಥಾನಗಳಿಗೂ, ಸೆನೆಟ್‌ನ ಮೂರನೇ ಒಂದು ಭಾಗಕ್ಕೂ ಚುನಾವಣೆ. 50 ರಾಜ್ಯಗಳ ಪೈಕಿ 36ರಲ್ಲಿ ಗವರ್ನರ್ ಆಯ್ಕೆಯೂ ಆ ದಿನವೇ. ಅದೇ ಮತಪತ್ರದಲ್ಲಿ ರಾಜ್ಯ ಶಾಸಕರು, ಅಟಾರ್ನಿ ಜನರಲ್, ಹಲವೆಡೆ ನ್ಯಾಯಾಧೀಶರು, ಶೆರಿಫ್, ಶಾಲಾ ಮಂಡಳಿ ಸದಸ್ಯರು, ಮೇಲೆ ಒಂದೆರಡು ಜನಮತಗಣನೆಯ ಪ್ರಶ್ನೆಗಳು. ಅಷ್ಟುದ್ದದ ಮತಪತ್ರದಲ್ಲಿ ಇಲ್ಲದಿರುವುದು ಅಧ್ಯಕ್ಷರ ಹೆಸರೊಂದೇ.

ಆ ಒಂದು ಹೆಸರಿಲ್ಲದಿದ್ದರೆ ಎಷ್ಟು ಜನ ಬಿಟ್ಟುಹೋಗುತ್ತಾರೆ ನೋಡಿ. ಬರಾಕ್ ಒಬಾಮ ಗೆದ್ದ 2008ರಲ್ಲಿ ಶೇ 62ರ ಆಸುಪಾಸು ಇದ್ದ ಮತದಾನ 2010ಕ್ಕೆ ಶೇ 42ರ ಹತ್ತಿರಕ್ಕೆ ಇಳಿಯಿತು. 2012ರ ಶೇ 58 ಎರಡೇ ವರ್ಷದಲ್ಲಿ ಶೇ 37ಕ್ಕೆ ಬಂತು. 2020ರಲ್ಲಿ ಶೇ 66 ದಾಟಿ ನೂರಿಪ್ಪತ್ತು ವರ್ಷಗಳ ದಾಖಲೆ ಬರೆದದ್ದು 2022ರಲ್ಲಿ ಶೇ 46. ಈ ಪ್ರತಿ ಸಲವೂ ಹಕ್ಕಿದ್ದ ಐವರಲ್ಲಿ ಒಬ್ಬರಷ್ಟು ಜನ ಹೊಸದಾಗಿ ಮನೆಯಲ್ಲೇ ಉಳಿದರು. 2018ರಲ್ಲಿ ಮಾತ್ರ ಈ ಇಳಿತ ಹತ್ತು ಅಂಕಕ್ಕೆ ನಿಂತಿತು. ಆ ವರ್ಷವನ್ನು ಎಲ್ಲರೂ ಮತ್ತೆ ಮತ್ತೆ ಅಧ್ಯಯನ ಮಾಡುವುದು ಅದಕ್ಕೇ.

ಉಳಿದುಬಿಡುವವರು ಎಲ್ಲ ವರ್ಗಗಳಿಂದಲೂ ಸಮನಾಗಿ ಉಳಿಯುವುದಿಲ್ಲ ಎಂಬುದೇ ಮುಖ್ಯ. ಅಮೆರಿಕದ ಜನಗಣತಿ ಇಲಾಖೆಯ ಸಮೀಕ್ಷೆಯ ಪ್ರಕಾರ 2014ರಲ್ಲಿ 18ರಿಂದ 29 ವಯಸ್ಸಿನವರಲ್ಲಿ ಮತ ಹಾಕಿದವರು ಶೇ 20. 65 ದಾಟಿದವರಲ್ಲಿ ಶೇ 59. 2018ರಲ್ಲಿ ಯುವಜನರ ಪ್ರಮಾಣ ಶೇ 36ಕ್ಕೆ ನೆಗೆಯಿತು, ಹಿರಿಯರದು ಶೇ 66ಕ್ಕೆ. ಅಂತರ ಕಡಿಮೆಯಾಯಿತು, ಹೋಗಲಿಲ್ಲ. ಬಾಡಿಗೆ ಮನೆಯವರು, ಆಗಾಗ ಊರು ಬದಲಿಸುವವರು, ಕಾಲೇಜು ಮೆಟ್ಟಿಲು ಹತ್ತದವರು, ಗಂಟೆ ಲೆಕ್ಕದ ಕೂಲಿಯವರು ಮಧ್ಯಾವಧಿಯಲ್ಲಿ ಹೆಚ್ಚು ಕಾಣೆಯಾಗುತ್ತಾರೆ. ಸ್ವಂತ ಮನೆ, ಡಿಗ್ರಿ, ತಲೆಗೂದಲಲ್ಲಿ ಬಿಳಿ ಇರುವವರು ಮತಗಟ್ಟೆಗೆ ಬರುತ್ತಲೇ ಇರುತ್ತಾರೆ. ಒಂದೇ ದೇಶಕ್ಕೆ ಎರಡು ವರ್ಷಕ್ಕೊಮ್ಮೆ ಬೇರೆ ಬೇರೆ ಮತದಾರ ಸಮೂಹ ಇದ್ದಂತಾಗುತ್ತದೆ.

ಮಂಗಳವಾರದ ವಿಷಯ ಬೇಗ ಹೇಳಿ ಮುಗಿಸಬಹುದು. ನವೆಂಬರ್‌ನ ಮೊದಲ ಸೋಮವಾರ ಕಳೆದ ಮಂಗಳವಾರ ಎಂದು ಗೊತ್ತುಮಾಡಿದ್ದು 1845ರ ಕಾನೂನು. ಅಂದಿನದು ಕುದುರೆ ಗಾಡಿಯ, ಬೇಸಾಯದ ಸಮಾಜ. ಭಾನುವಾರ ಚರ್ಚು, ಸೋಮವಾರ ಪ್ರಯಾಣ, ಮಂಗಳವಾರ ಮತದಾನ ಎಂಬ ಲೆಕ್ಕಾಚಾರ ಹೊಂದುತ್ತಿತ್ತು. ಇಂದಿಗೂ ಅದು ರಾಷ್ಟ್ರೀಯ ರಜೆಯಲ್ಲ. ಮತದಾನದ ದಿನ ಸಂಬಳ ಸಹಿತ ರಜೆ ಕೊಡಲೇಬೇಕೆಂದು ನಮ್ಮ ಜನಪ್ರತಿನಿಧಿ ಕಾಯ್ದೆ ಹೇಳುತ್ತದೆ. ಅಲ್ಲಿ ಅದು ಆಯಾ ರಾಜ್ಯಕ್ಕೆ, ಕೆಲವೊಮ್ಮೆ ಆಯಾ ಮಾಲೀಕನಿಗೆ ಬಿಟ್ಟದ್ದು.

ಶೇಕಡಾವಾರು ಯಾವುದರ ಮೇಲೆ?

ಕರ್ನಾಟಕದ ಓದುಗರಿಗೆ ಇಲ್ಲೊಂದು ಎಚ್ಚರಿಕೆ ಹೇಳಬೇಕು. 2023ರ ನಮ್ಮ ವಿಧಾನಸಭೆ ಚುನಾವಣೆಯಲ್ಲಿ ಶೇ 73 ಮತದಾನವಾಯಿತು, ಅಮೆರಿಕದಲ್ಲಿ ಶೇ 46 ಅಷ್ಟೇ ಎಂದು ಪಕ್ಕಪಕ್ಕ ಇಟ್ಟರೆ ಲೆಕ್ಕ ತಪ್ಪುತ್ತದೆ. ನಮ್ಮ ಶೇಕಡಾವಾರು ಮತದಾರರ ಪಟ್ಟಿಯಲ್ಲಿ ಹೆಸರಿದ್ದವರ ಮೇಲೆ. ಅಮೆರಿಕದ ವಿದ್ವಾಂಸರು ಬಳಸುವ ಶೇಕಡಾವಾರು, ಪಟ್ಟಿಯಲ್ಲಿ ಇರಲಿ ಬಿಡಲಿ, ಮತದಾನದ ಅರ್ಹತೆ ಇರುವ ಎಲ್ಲರ ಮೇಲೆ. ಅಲ್ಲಿ ನೋಂದಾಯಿಸಿಕೊಂಡವರ ಮೇಲೆ ಲೆಕ್ಕ ಹಾಕಿದರೆ ಸಂಖ್ಯೆ ಸಾಕಷ್ಟು ಮೇಲೇರುತ್ತದೆ.

ಆ ದೇಶದ ಒಳಗೂ ಇದೇ ಗೊಂದಲ ಬಹುಕಾಲ ಇತ್ತು. ಹದಿನೆಂಟು ತುಂಬಿದ ಎಲ್ಲರನ್ನೂ ಲೆಕ್ಕಕ್ಕೆ ಹಿಡಿದು, 1972ರಿಂದೀಚೆಗೆ ಅಮೆರಿಕನ್ನರು ಮತಗಟ್ಟೆಯನ್ನೇ ಮರೆಯುತ್ತಿದ್ದಾರೆ ಎಂದು ಪತ್ರಿಕೆಗಳು ಬರೆದವು. ಮೈಕಲ್ ಮೆಕ್‌ಡೊನಾಲ್ಡ್ ಮತ್ತು ಸ್ಯಾಮ್ಯುಯೆಲ್ ಪಾಪ್ಕಿನ್ ಎಂಬ ಇಬ್ಬರು ರಾಜ್ಯಶಾಸ್ತ್ರಜ್ಞರು 2001ರಲ್ಲಿ ತೋರಿಸಿಕೊಟ್ಟದ್ದು ಬೇರೆಯದೇ. ಆ ಅವಧಿಯಲ್ಲಿ ಹೆಚ್ಚಿದ್ದು ಪೌರತ್ವವಿಲ್ಲದ ವಲಸಿಗರ ಸಂಖ್ಯೆ, ಮತದ ಹಕ್ಕು ಕಳೆದುಕೊಂಡ ಕೈದಿಗಳ ಸಂಖ್ಯೆ. ಅವರನ್ನು ತೆಗೆದು ಎಣಿಸಿದರೆ ಇಳಿಕೆಯೇ ಕಾಣುವುದಿಲ್ಲ. ಅಲ್ಲಿನ ಕನ್ನಡಿಗರ ಬದುಕಿನಲ್ಲೂ ಈ ಸಂಗತಿ ನಿಜ: ವೀಸಾದಲ್ಲಿರುವವರು, ಗ್ರೀನ್ ಕಾರ್ಡ್‌ಗೆ ವರ್ಷಗಟ್ಟಲೆ ಕಾಯುತ್ತಿರುವವರು ತೆರಿಗೆ ಕಟ್ಟುತ್ತಾರೆ, ಶಾಲಾ ಮಂಡಳಿಯ ತೀರ್ಮಾನಗಳ ಬಿಸಿ ಅನುಭವಿಸುತ್ತಾರೆ, ಆದರೆ ಸಂಸತ್ತಿನ ಚುನಾವಣೆಯಲ್ಲಿ ಮತ ಹಾಕುವಂತಿಲ್ಲ. ಅದಕ್ಕೆ ಪೌರತ್ವವೇ ಬೇಕು. ಅಂಥವರನ್ನು ನಿರುತ್ಸಾಹಿಗಳ ಲೆಕ್ಕಕ್ಕೆ ಸೇರಿಸುವುದು ಅನ್ಯಾಯ.

ಇನ್ನೊಂದು ವ್ಯತ್ಯಾಸವೂ ಇದೆ. ನಮ್ಮಲ್ಲಿ ಪಟ್ಟಿ ಮಾಡುವ ಹೊಣೆ ಬಹುಮಟ್ಟಿಗೆ ಚುನಾವಣಾ ಆಯೋಗದ್ದು. ಬಿಎಲ್‌ಒ ಮನೆ ಬಾಗಿಲಿಗೆ ಬರುತ್ತಾರೆ. ಅಮೆರಿಕದ ಹಲವು ರಾಜ್ಯಗಳಲ್ಲಿ ಹೆಸರು ಸೇರಿಸುವುದು ನಾಗರಿಕನ ತಲೆನೋವು. ಮನೆ ಬದಲಿಸಿದರೆ ವಿಳಾಸವನ್ನೂ ಮತ್ತೆ ಬದಲಿಸಬೇಕು. ಡ್ರೈವಿಂಗ್ ಲೈಸೆನ್ಸ್ ಮಾಡಿಸುವಲ್ಲೇ ನೋಂದಣಿಗೂ ಅವಕಾಶ ಕೊಡಬೇಕೆಂಬ ಕಾನೂನು ಬಂದದ್ದು 1993ರಲ್ಲಿ. ಮಿನೆಸೋಟದಂಥ ರಾಜ್ಯಗಳಲ್ಲಿ 1970ರ ದಶಕದಿಂದಲೂ ಮತದಾನದ ದಿನವೇ ಹೆಸರು ಸೇರಿಸಿ ಮತ ಹಾಕಬಹುದು. ಟೆನೆಸಿಯಲ್ಲಿ ಒಂದು ತಿಂಗಳ ಮೊದಲೇ ನೋಂದಣಿ ಮುಚ್ಚುತ್ತದೆ, ಕಾರಣ ಕೊಡದೆ ಅಂಚೆ ಮತವೂ ಸಿಗುವುದಿಲ್ಲ. 2022ರಲ್ಲಿ ಮಿನೆಸೋಟದ ಮತದಾನ ಶೇ 60ರ ಆಸುಪಾಸು, ಟೆನೆಸಿಯದು ಶೇ 31ರ ಆಸುಪಾಸು. ನಿಯಮವೊಂದೇ ಇದಕ್ಕೆ ಕಾರಣವಲ್ಲ. ಟೆನೆಸಿಯಲ್ಲಿ ಆ ವರ್ಷ ಪೈಪೋಟಿಯೂ ಇರಲಿಲ್ಲ. ಆದರೂ ಈ ಎರಡು ಸಂಖ್ಯೆಗಳನ್ನು ನೋಡಿದ ಮೇಲೆ, ಮತ ಹಾಕದವರನ್ನು ಸೋಮಾರಿಗಳು ಎಂದು ಬೈಯುವ ಮಾತು ನನ್ನ ಬಾಯಲ್ಲಿ ಬರುವುದಿಲ್ಲ.

ಎರಡು ಕಡೆಯ ನಡುವಿನ ಅಂತರ

2014ರಲ್ಲಿ ಕೆಳಮನೆಗೆ ರಿಪಬ್ಲಿಕನ್ ಅಭ್ಯರ್ಥಿಗಳು ದೇಶದಾದ್ಯಂತ ಪಡೆದ ಮತ ಸುಮಾರು 4 ಕೋಟಿ. ಅಷ್ಟರಲ್ಲೇ ಅವರು ಭರ್ಜರಿಯಾಗಿ ಗೆದ್ದರು. 2018ರಲ್ಲಿ ಅವರಿಗೆ ಬಿದ್ದದ್ದು ಸುಮಾರು 5.08 ಕೋಟಿ. ಒಂದು ಕೋಟಿಗೂ ಹೆಚ್ಚು ಮತ ಸೇರಿಕೊಂಡ ಆ ವರ್ಷ ಅವರು ಕೆಳಮನೆಯನ್ನೇ ಕಳೆದುಕೊಂಡರು. ಏಕೆಂದರೆ ಡೆಮಾಕ್ರಟಿಕ್ ಮತಗಳು ಅದೇ ಅವಧಿಯಲ್ಲಿ 3.56 ಕೋಟಿಯಿಂದ 6 ಕೋಟಿ ದಾಟಿದ್ದವು. ಡೆಮಾಕ್ರಟರಿಗೆ 40 ಸ್ಥಾನಗಳ ಲಾಭವಾಯಿತು.

ಉತ್ಸಾಹದ ಬಗ್ಗೆ ಬರುವ ಸುದ್ದಿಗಳನ್ನು ಓದುವಾಗ ಈ ಎರಡು ಸಾಲಿನ ಲೆಕ್ಕ ನೆನಪಿದ್ದರೆ ಸಾಕು. ಒಂದು ಪಕ್ಷದ ಬೆಂಬಲಿಗರು ಎಷ್ಟು ಹುಮ್ಮಸ್ಸಿನಲ್ಲಿದ್ದಾರೆ ಎಂಬುದರಿಂದ ಏನೂ ತಿಳಿಯುವುದಿಲ್ಲ. ಎದುರು ಪಕ್ಷದವರಿಗಿಂತ ಎಷ್ಟು ಹೆಚ್ಚು ಎಂಬುದೇ ಲೆಕ್ಕ. 2018ರಲ್ಲಿ ಡೊನಾಲ್ಡ್ ಟ್ರಂಪ್ ಸಭೆಗಳಿಗೆ ಜನ ಕಿಕ್ಕಿರಿದು ಬಂದರು, ಮತವನ್ನೂ ಹಾಕಿದರು. ಅವರನ್ನು ವಿರೋಧಿಸುವವರು ಅದಕ್ಕಿಂತ ಹೆಚ್ಚು ಬಂದರು.

ವಿರೋಧಿಗಳೇ ಹೆಚ್ಚು ಬರುವುದು ಒಂದು ವರ್ಷದ ಆಕಸ್ಮಿಕವಲ್ಲ. ಎರಡನೇ ಮಹಾಯುದ್ಧದ ನಂತರ 2022ರವರೆಗೆ ಇಪ್ಪತ್ತು ಮಧ್ಯಾವಧಿ ಚುನಾವಣೆಗಳು ನಡೆದಿವೆ. ಅಧ್ಯಕ್ಷರ ಪಕ್ಷ ಕೆಳಮನೆಯಲ್ಲಿ ಸ್ಥಾನ ಗಳಿಸಿದ್ದು ಎರಡರಲ್ಲಿ ಮಾತ್ರ: ಬಿಲ್ ಕ್ಲಿಂಟನ್ ಕಾಲದ 1998, ಜಾರ್ಜ್ ಬುಷ್ ಕಾಲದ 2002. ಉಳಿದ ಹದಿನೆಂಟರಲ್ಲೂ ಪೆಟ್ಟು ಬಿದ್ದಿದೆ. 1994ರಲ್ಲಿ ಕ್ಲಿಂಟನ್ ಪಕ್ಷಕ್ಕೆ ಐವತ್ತಕ್ಕೂ ಹೆಚ್ಚು ಸ್ಥಾನಗಳ ನಷ್ಟ, 2010ರಲ್ಲಿ ಒಬಾಮ ಪಕ್ಷಕ್ಕೆ 63.

ಇದಕ್ಕೆ ಚುನಾವಣಾ ಸಂಶೋಧಕ ಆ್ಯಂಗಸ್ ಕ್ಯಾಂಬೆಲ್ 1960ರಲ್ಲೇ ಒಂದು ವಿವರಣೆ ಕೊಟ್ಟಿದ್ದರು. ಅಧ್ಯಕ್ಷೀಯ ಚುನಾವಣೆಯ ಗದ್ದಲ ರಾಜಕೀಯದಲ್ಲಿ ಆಸಕ್ತಿ ಕಡಿಮೆಯಿರುವವರನ್ನೂ ಮತಗಟ್ಟೆಗೆ ಎಳೆದು ತರುತ್ತದೆ. ಅವರಲ್ಲಿ ಹೆಚ್ಚಿನವರು ಗೆಲ್ಲುವ ಅಲೆಯ ಕಡೆ ವಾಲುತ್ತಾರೆ. ಎರಡು ವರ್ಷದ ಬಳಿಕ ಅಲೆ ಇಳಿಯುತ್ತದೆ, ಅವರು ಬರುವುದಿಲ್ಲ, ಗೆದ್ದ ಪಕ್ಷದ ಬುಟ್ಟಿಯಿಂದಲೇ ಹೆಚ್ಚು ಮತ ಸೋರುತ್ತದೆ. ನಂತರದ ವಿದ್ವಾಂಸರು ಇದಕ್ಕೆ ಇನ್ನೆರಡು ಕಾರಣ ಸೇರಿಸಿದರು. ಆರ್ಥಿಕತೆ ಕೆಟ್ಟಿದ್ದರೆ ಅಧ್ಯಕ್ಷರ ಮೇಲಿನ ಸಿಟ್ಟನ್ನು ಅವರ ಪಕ್ಷದವರ ಮೇಲೆ ತೀರಿಸುವುದು ಒಂದು. ಒಂದೇ ಪಕ್ಷಕ್ಕೆ ಪೂರ್ತಿ ಅಧಿಕಾರ ಬೇಡವೆಂದು ಸಂಸತ್ತನ್ನು ಇನ್ನೊಬ್ಬರಿಗೆ ಕೊಡುವುದು ಇನ್ನೊಂದು.

ನನಗೆ ಇವೆಲ್ಲಕ್ಕಿಂತ ಹೆಚ್ಚು ಒಪ್ಪಿಗೆಯಾಗುವುದು ಕಳೆದುಕೊಂಡವರ ಸಿಟ್ಟು ಎಂಬ ಸರಳ ಕಾರಣ. ಗೆದ್ದವರಿಗೆ ಕೆಲಸ ಮುಗಿಯಿತು ಎಂಬ ನೆಮ್ಮದಿ. ಸೋತವರಿಗೆ ದಿನವೂ ಹೊಸ ಗಾಯ. 2009ರಲ್ಲಿ ಟೀ ಪಾರ್ಟಿ ಹೆಸರಿನಲ್ಲಿ ರಿಪಬ್ಲಿಕನ್ ಬೆಂಬಲಿಗರು ಬೀದಿಗಿಳಿದದ್ದು ಹೀಗೆ. 2017ರ ಜನವರಿ 21ರಂದು, ಟ್ರಂಪ್ ಪ್ರಮಾಣವಚನ ಸ್ವೀಕರಿಸಿದ ಮಾರನೇ ದಿನ, ಲಕ್ಷಗಟ್ಟಲೆ ಮಹಿಳೆಯರು ಮೆರವಣಿಗೆ ಹೊರಟದ್ದೂ ಹೀಗೆ.

ಈ ಸಿಟ್ಟಿನ ಅತ್ಯಂತ ಸ್ಪಷ್ಟ ಉದಾಹರಣೆ ಕ್ಯಾನ್ಸಸ್. ಗರ್ಭಪಾತಕ್ಕೆ 1973ರಿಂದ ಇದ್ದ ಸಾಂವಿಧಾನಿಕ ರಕ್ಷಣೆಯನ್ನು ಸುಪ್ರೀಂ ಕೋರ್ಟ್ 2022ರ ಜೂನ್ 24ರಂದು ಕಿತ್ತುಹಾಕಿತು. ಐದೂವರೆ ವಾರ ಕಳೆದು, ಆಗಸ್ಟ್ 2ರಂದು, ಕ್ಯಾನ್ಸಸ್ ರಾಜ್ಯ ತನ್ನ ಸಂವಿಧಾನದಲ್ಲೂ ಆ ರಕ್ಷಣೆ ತೆಗೆಯಬೇಕೇ ಎಂದು ಜನರನ್ನು ಕೇಳಿತು. ಬೇಸಿಗೆ ರಜೆಯ ನಡುವೆ, ಪಕ್ಷಗಳು ತಮ್ಮ ಅಭ್ಯರ್ಥಿಗಳನ್ನು ಆರಿಸಿಕೊಳ್ಳುವ ಪ್ರೈಮರಿ ಚುನಾವಣೆಯ ದಿನ. ನೋಂದಾಯಿತರಲ್ಲಿ ಶೇ 36 ಮಂದಿ ಬರಬಹುದೆಂದು ರಾಜ್ಯದ ಚುನಾವಣಾಧಿಕಾರಿ ಅಂದಾಜು ಮಾಡಿದ್ದರು. ಬಿದ್ದ ಮತ 9.2 ಲಕ್ಷ, 2018ರ ಪ್ರೈಮರಿಗೆ ಹೋಲಿಸಿದರೆ ಹೆಚ್ಚುಕಡಿಮೆ ಇಮ್ಮಡಿ. ರಿಪಬ್ಲಿಕನ್ ಕೋಟೆಯೆಂದೇ ಹೆಸರಾದ ಆ ರಾಜ್ಯದಲ್ಲಿ ಶೇ 59 ಮಂದಿ ಬೇಡ ಎಂದರು. ಇದ್ದ ಹಕ್ಕನ್ನು ಕಿತ್ತುಕೊಂಡಾಗ ಹುಟ್ಟುವ ಚುರುಕು, ಹೊಸದೊಂದು ಕೊಡುತ್ತೇವೆಂಬ ಭರವಸೆಯಿಂದ ಹುಟ್ಟುವುದಿಲ್ಲ.

ಹುಮ್ಮಸ್ಸನ್ನು ಅಳೆಯುವ ಕಷ್ಟ

ಸಮೀಕ್ಷೆ ಸಂಸ್ಥೆಗಳು ಇದನ್ನು ಅಳೆಯುವುದು ನೇರ ಪ್ರಶ್ನೆಯಿಂದ. ಹಿಂದಿನ ಚುನಾವಣೆಗಳಿಗೆ ಹೋಲಿಸಿದರೆ ಈ ಸಲ ಮತ ಹಾಕಲು ನಿಮಗೆ ಹೆಚ್ಚು ಉತ್ಸಾಹವಿದೆಯೋ ಕಡಿಮೆಯೋ ಎಂದು ಗ್ಯಾಲಪ್ ಸಂಸ್ಥೆ 1990ರ ದಶಕದಿಂದ ಕೇಳುತ್ತಾ ಬಂದಿದೆ. ಕಷ್ಟವೆಂದರೆ ಜನ ಮತ ಹಾಕುತ್ತೇವೆ ಎನ್ನುವುದು ಹೆಚ್ಚು, ಹಾಕುವುದು ಕಡಿಮೆ. ಹಾಕದವರೂ ಹಾಕಿದ್ದೇವೆ ಎನ್ನುತ್ತಾರೆ. ಹಾಗಾಗಿ ಬರಬಹುದಾದವರನ್ನು ಮೊದಲೇ ಸೋಸಿ, ಅವರ ಉತ್ತರಕ್ಕೆ ಮಾತ್ರ ಬೆಲೆ ಕೊಡುವ ವಿಧಾನ ಬೆಳೆಯಿತು. ಗ್ಯಾಲಪ್‌ನ ಪಾಲ್ ಪೆರ್ರಿ 1950ರ ದಶಕದಲ್ಲಿ ರೂಪಿಸಿದ ಈ ಜರಡಿಯಲ್ಲಿ ಕೊನೆಗೆ ಏಳು ಪ್ರಶ್ನೆಗಳು ಉಳಿದವು. ಚುನಾವಣೆಯ ಬಗ್ಗೆ ಎಷ್ಟು ಯೋಚಿಸಿದ್ದೀರಿ, ನಿಮ್ಮ ಮತಗಟ್ಟೆ ಎಲ್ಲಿದೆ ಗೊತ್ತೇ, ಹಿಂದೆ ಅಲ್ಲಿ ಮತ ಹಾಕಿದ್ದೀರಾ, ಇಂಥವು. ಮತಗಟ್ಟೆ ಎಲ್ಲಿದೆ ಎಂಬ ಪ್ರಶ್ನೆ ನನಗೆ ಬಹಳ ಹಿಡಿಸುತ್ತದೆ. ಆವೇಶದ ಮಾತು ಯಾರಾದರೂ ಆಡಬಹುದು, ಗೊತ್ತಿಲ್ಲದ ವಿಳಾಸ ಹೇಳಲಾಗದು.

ಜರಡಿಯೂ ಮೋಸ ಮಾಡುತ್ತದೆ. 2010ರಲ್ಲಿ ರಿಪಬ್ಲಿಕನ್ನರ ಹುಮ್ಮಸ್ಸು ಕಂಡು ಗ್ಯಾಲಪ್ ಅವರಿಗೆ ಹದಿನೈದು ಅಂಕಗಳ ಮುನ್ನಡೆ ಹೇಳಿತು. ಗೆದ್ದದ್ದು ಅವರೇ, ಆದರೆ ನಿಜವಾದ ಅಂತರ ಏಳರ ಹತ್ತಿರ. ತನ್ನ ಪಕ್ಷಕ್ಕೆ ಒಳ್ಳೆಯ ಸುದ್ದಿ ಬರುವಾಗ ಬೆಂಬಲಿಗ ಫೋನ್ ಎತ್ತಿ ಹುರುಪಿನಿಂದ ಮಾತನಾಡುತ್ತಾನೆ, ಕೆಟ್ಟ ವಾರದಲ್ಲಿ ಫೋನನ್ನೇ ಎತ್ತುವುದಿಲ್ಲ. ಸಮೀಕ್ಷೆಯಲ್ಲಿ ಕಾಣುವ ಏರಿಳಿತದಲ್ಲಿ ಇದರ ಪಾಲೂ ಇದೆ.

ಅದಕ್ಕೇ ಇತ್ತೀಚೆಗೆ ಒತ್ತು ಮತದಾರರ ಕಡತಗಳ ಮೇಲೆ ಬಿದ್ದಿದೆ. ಅಮೆರಿಕದಲ್ಲಿ ಯಾರಿಗೆ ಮತ ಹಾಕಿದಿರಿ ಎಂಬುದು ಗುಟ್ಟು, ಮತ ಹಾಕಿದಿರೋ ಇಲ್ಲವೋ ಎಂಬುದು ಸಾರ್ವಜನಿಕ ದಾಖಲೆ. ಪ್ಯೂ ಸಂಶೋಧನಾ ಸಂಸ್ಥೆ ತನ್ನ ಸಮೀಕ್ಷೆಗೆ ಉತ್ತರಿಸಿದವರ ಹೆಸರನ್ನು ಈ ಕಡತಗಳೊಂದಿಗೆ ತಾಳೆ ಹಾಕಿ, 2020ರಲ್ಲಿ ಟ್ರಂಪ್‌ಗೆ ಮತ ಹಾಕಿದವರಲ್ಲಿ ಶೇ 71 ಮಂದಿ 2022ರಲ್ಲಿ ಮತ್ತೆ ಬಂದರು, ಜೋ ಬೈಡನ್‌ಗೆ ಹಾಕಿದವರಲ್ಲಿ ಶೇ 67 ಮಂದಿ ಬಂದರು ಎಂದು ಕಂಡುಕೊಂಡಿತು. ನಾಲ್ಕು ಅಂಕಗಳ ಈ ಅಂತರವೇ ಕೆಳಮನೆಯನ್ನು ರಿಪಬ್ಲಿಕನ್ನರ ಕೈಗೆ ಕೊಡುವುದಕ್ಕೆ ನೆರವಾಯಿತು. ಆದರೆ ಅರಿಜೋನದಲ್ಲಿ ಅದೇ ವರ್ಷ ರಿಪಬ್ಲಿಕನ್ ಎಂದು ನೋಂದಾಯಿಸಿಕೊಂಡವರೇ ಹೆಚ್ಚು ಮತ ಹಾಕಿದರೂ ಗವರ್ನರ್ ಹುದ್ದೆ, ಸೆನೆಟ್ ಸ್ಥಾನ ಎರಡೂ ಡೆಮಾಕ್ರಟರಿಗೆ ಹೋದವು. ಬಂದವರಲ್ಲೇ ಒಂದಷ್ಟು ಜನ ತಮ್ಮ ಪಕ್ಷದ ಅಭ್ಯರ್ಥಿಗಳನ್ನು ಒಪ್ಪಲಿಲ್ಲ. ಬಂದವರ ಸಂಖ್ಯೆಯೊಂದನ್ನೇ ಹಿಡಿದು ಕೂತರೆ ಇಂಥದ್ದು ಕಣ್ತಪ್ಪುತ್ತದೆ.

ಮಿಷಿಗನ್ ಕಲಿಸಿದ್ದು

ಹುಮ್ಮಸ್ಸು ಮತವಾಗುವ ಬಗೆ ತಿಳಿಯಲು ಮಿಷಿಗನ್‌ಗಿಂತ ಒಳ್ಳೆಯ ರಾಜ್ಯ ಸಿಗಲಾರದು. ಕಾರು ಕಾರ್ಖಾನೆಗಳ ನಾಡು, ಎರಡು ಪಕ್ಷಗಳೂ ಸಮಬಲ, ಪಂಪ ಕನ್ನಡ ಕೂಟದ ನೆಲೆಯೂ ಹೌದು.

ಮೊದಲಿಗೆ ಅಲ್ಲಿ ನಡೆದ ಒಂದು ಪ್ರಯೋಗದ ಹಿನ್ನೆಲೆ. ಯೇಲ್ ವಿಶ್ವವಿದ್ಯಾಲಯದ ಆ್ಯಲನ್ ಗರ್ಬರ್ ಮತ್ತು ಡೊನಾಲ್ಡ್ ಗ್ರೀನ್ 1998ರ ಮಧ್ಯಾವಧಿಯಲ್ಲಿ ನ್ಯೂ ಹೇವನ್ ನಗರದ ಸುಮಾರು 30 ಸಾವಿರ ಮತದಾರರನ್ನು ಚೀಟಿ ಎತ್ತಿದಂತೆ ಗುಂಪು ಮಾಡಿದರು. ಕೆಲವರ ಮನೆಗೆ ಸ್ವಯಂಸೇವಕರು ಹೋದರು, ಕೆಲವರಿಗೆ ಅಂಚೆ ಹೋಯಿತು, ಕೆಲವರಿಗೆ ಫೋನ್, ಉಳಿದವರಿಗೆ ಏನೂ ಇಲ್ಲ. ಬಾಗಿಲಲ್ಲಿ ನಿಂತು ಮಾತನಾಡಿಸಿದವರಲ್ಲಿ ಮತದಾನ ಎಂಟೊಂಬತ್ತು ಅಂಕ ಏರಿತು. ಅಂಚೆಯ ಪರಿಣಾಮ ಅಲ್ಪ. ಬಾಡಿಗೆ ಕಾಲ್ ಸೆಂಟರ್‌ನ ಫೋನಿನಿಂದ ಏನೂ ಆಗಲಿಲ್ಲ. ಹೀಗೆ ಒಮ್ಮೆ ಬಂದವರು ಮರುವರ್ಷದ ನಗರಸಭೆ ಚುನಾವಣೆಗೂ, ಯಾರೂ ಕರೆಯದೆ, ಉಳಿದವರಿಗಿಂತ ಹೆಚ್ಚಾಗಿ ಬಂದರು. ಮತದಾನ ರೂಢಿಯಾಗುತ್ತದೆ ಎಂಬುದಕ್ಕೆ ಸಿಕ್ಕ ಗಟ್ಟಿ ಸಾಕ್ಷ್ಯ ಇದು. ಮನೆಮನೆ ಪ್ರಚಾರ ಮಾಡಿ ಬೆಳೆದ ನಮ್ಮ ಬೂತ್ ಮಟ್ಟದ ಕಾರ್ಯಕರ್ತರಿಗೆ ಇದರಲ್ಲಿ ಅಚ್ಚರಿಯೇನೂ ಕಾಣಲಿಕ್ಕಿಲ್ಲ. ಟಿ.ವಿ. ಜಾಹೀರಾತಿಗೆ ಕೋಟಿ ಕೋಟಿ ಡಾಲರ್ ಸುರಿಯುತ್ತಿದ್ದ ಅಮೆರಿಕದ ಪಕ್ಷಗಳಿಗೆ ಮಾತ್ರ ಅದು ಕಣ್ತೆರೆಸಿದ ಸುದ್ದಿ.

ಅದೇ ಇಬ್ಬರು, ಕ್ರಿಸ್ಟೊಫರ್ ಲ್ಯಾರಿಮರ್ ಜೊತೆ ಸೇರಿ, 2006ರ ಆಗಸ್ಟ್ ಪ್ರೈಮರಿಗೆ ಮೊದಲು ಮಿಷಿಗನ್‌ನ ಸಾವಿರಾರು ಮನೆಗಳಿಗೆ ನಾಲ್ಕು ಬಗೆಯ ಪತ್ರ ಕಳಿಸಿದರು. ಮತದಾನ ನಿಮ್ಮ ಕರ್ತವ್ಯ ಎಂದಷ್ಟೇ ಹೇಳಿದ ಪತ್ರದಿಂದ ಎರಡು ಅಂಕವೂ ಏರಲಿಲ್ಲ. ನಾಲ್ಕನೆಯದರಲ್ಲಿ ಮನೆಯವರ ಜೊತೆ ಅಕ್ಕಪಕ್ಕದವರ ಹೆಸರೂ ಇತ್ತು: ಹಿಂದಿನ ಚುನಾವಣೆಗಳಲ್ಲಿ ಯಾರು ಮತ ಹಾಕಿದ್ದರು, ಯಾರು ಹಾಕಲಿಲ್ಲ, ಈ ಸಲದ್ದನ್ನೂ ಸೇರಿಸಿ ಮತ್ತೆ ಕಳಿಸುತ್ತೇವೆ ಎಂಬ ಮಾತು. ಪತ್ರ ಸಿಗದವರಲ್ಲಿ ಮತದಾನ ಶೇ 29.7, ಈ ಪತ್ರ ಸಿಕ್ಕವರಲ್ಲಿ ಶೇ 37.8. ಒಂದೇ ಕಾಗದಕ್ಕೆ ಎಂಟು ಅಂಕ. ನೆರೆಯವರ ಕಣ್ಣಿಗೆ ಬೀಳುತ್ತೇವೆ ಎಂಬ ಅಳುಕಿಗೆ ಇಷ್ಟು ಬಲ. ವಿಜ್ಞಾನವಾಗಿ ಇದು ಬೆಲೆಯುಳ್ಳದ್ದು. ಪ್ರಚಾರದ ಉಪಾಯವಾಗಿ ನನಗೆ ಇದು ಹಿಡಿಸುವುದಿಲ್ಲ: ನಾಚಿಕೆಗೆ ಹೆದರಿ ಬಂದವನ ಮತಕ್ಕೂ ನನ್ನ ಮತಕ್ಕೂ ಬೆಲೆ ಒಂದೇ, ಆದರೆ ಆತನನ್ನು ಹೆದರಿಸುವ ಅಧಿಕಾರ ಯಾರಿಗೂ ಇಲ್ಲ.

2018ರಲ್ಲಿ ಮಿಷಿಗನ್‌ನ ಜನ ನಿಯಮವನ್ನೇ ಬದಲಿಸಿಕೊಂಡರು. ಕಾರಣ ಕೊಡದೆ ಅಂಚೆ ಮತ, ಮತದಾನದ ದಿನವೇ ನೋಂದಣಿ, ಇವನ್ನು ಜನಮತಗಣನೆಯ ಮೂಲಕ ರಾಜ್ಯದ ಸಂವಿಧಾನಕ್ಕೆ ಸೇರಿಸಿದರು. ನಾಲ್ಕು ವರ್ಷದ ನಂತರ, 2022ರಲ್ಲಿ, ಗರ್ಭಪಾತದ ಹಕ್ಕನ್ನು ಉಳಿಸಿಕೊಳ್ಳುವ ಪ್ರಶ್ನೆ ಮತಪತ್ರಕ್ಕೆ ಬಂತು. ಅದಕ್ಕಾಗಿ ಸಲ್ಲಿಕೆಯಾದ ಸಹಿಗಳೇ ಏಳೂವರೆ ಲಕ್ಷ. ನವೆಂಬರ್ 8ರ ರಾತ್ರಿ ಆ್ಯನ್ ಆರ್ಬರ್‌ನ ವಿಶ್ವವಿದ್ಯಾಲಯದ ಆವರಣದಲ್ಲಿ ಹೆಸರು ಸೇರಿಸಿ ಮತ ಹಾಕಲು ನಿಂತ ವಿದ್ಯಾರ್ಥಿಗಳ ಸಾಲು ಮತದಾನದ ಸಮಯ ಮುಗಿದು ಗಂಟೆಗಟ್ಟಲೆಯಾದರೂ, ಕೊರೆಯುವ ಚಳಿಯಲ್ಲೂ, ಕರಗಿರಲಿಲ್ಲ. ಸಿಟ್ಟು ಅವರನ್ನು ಅಲ್ಲಿಗೆ ತಂದಿತ್ತು. 2018ರ ನಿಯಮ ಇಲ್ಲದಿದ್ದರೆ ಅವರಲ್ಲಿ ಹೆಚ್ಚಿನವರು ಬರಿಗೈಲಿ ಹಿಂದಿರುಗಬೇಕಿತ್ತು. 2014ರಲ್ಲಿ ಸುಮಾರು 32 ಲಕ್ಷ ಇದ್ದ ರಾಜ್ಯದ ಮತದಾನ 2018ರಲ್ಲಿ 43 ಲಕ್ಷ, 2022ರಲ್ಲಿ 45 ಲಕ್ಷದ ಹತ್ತಿರ. ಅಧ್ಯಕ್ಷರ ಪಕ್ಷಕ್ಕೆ ಪೆಟ್ಟು ಬೀಳಬೇಕಿದ್ದ ವರ್ಷದಲ್ಲಿ ಡೆಮಾಕ್ರಟಿಕ್ ಗವರ್ನರ್ ಗ್ರೆಚೆನ್ ವಿಟ್ಮರ್ ಮರು ಆಯ್ಕೆಯಾದರು, ಸುಮಾರು ನಲವತ್ತು ವರ್ಷಗಳ ನಂತರ ಶಾಸಕಾಂಗದ ಎರಡೂ ಮನೆಗಳ ಜೊತೆ ಗವರ್ನರ್ ಹುದ್ದೆಯೂ ಆ ಪಕ್ಷದ ಕೈಯಲ್ಲಿತ್ತು.

ಅದೇ ವರ್ಷ, ಅದೇ ರಾಜ್ಯದಲ್ಲಿ, ಕರ್ನಾಟಕಕ್ಕೆ ನೇರ ಸಂಬಂಧವಿರುವ ಇನ್ನೊಂದು ಘಟನೆ ನಡೆಯಿತು. ಚಿಕ್ಕೋಡಿಯಲ್ಲಿ ಹುಟ್ಟಿ ಬೆಳಗಾವಿಯಲ್ಲಿ ಬೆಳೆದ ಶ್ರೀ ಥಾಣೇದಾರ್ ಡೆಟ್ರಾಯಿಟ್ ಭಾಗದ 13ನೇ ಕ್ಷೇತ್ರದಿಂದ ಕೆಳಮನೆಗೆ ಆಯ್ಕೆಯಾದರು. ನವೆಂಬರ್‌ನಲ್ಲಿ ಅವರಿಗೆ ಬಿದ್ದದ್ದು ಶೇ 70ಕ್ಕೂ ಹೆಚ್ಚು ಮತ. ಆದರೆ ಆ ಸ್ಥಾನ ತೀರ್ಮಾನವಾದದ್ದು ಆಗಸ್ಟ್ 2ರ ಡೆಮಾಕ್ರಟಿಕ್ ಪ್ರೈಮರಿಯಲ್ಲಿ. ಒಂಬತ್ತು ಜನರ ಪೈಪೋಟಿಯಲ್ಲಿ ಅವರು ಗೆದ್ದದ್ದು ಶೇ 28ರಷ್ಟು ಮತದಿಂದ, ಎಂದರೆ ಸುಮಾರು 22 ಸಾವಿರ ಮತ. ಕ್ಷೇತ್ರದ ಜನಸಂಖ್ಯೆ ಏಳೂಮುಕ್ಕಾಲು ಲಕ್ಷದ ಹತ್ತಿರ. ಇದು ಅವರ ತಪ್ಪಲ್ಲ, ನಿಯಮದಂತೆ ಗೆದ್ದವರು. ಅಮೆರಿಕದ ಬಹುಪಾಲು ಕ್ಷೇತ್ರಗಳು ಹೀಗೆ ಒಂದೇ ಪಕ್ಷಕ್ಕೆ ಗಟ್ಟಿಯಾಗಿರುವಂಥವು, ಅಲ್ಲಿ ನಿಜವಾದ ಚುನಾವಣೆ ಬೇಸಿಗೆಯಲ್ಲೇ ಮುಗಿದಿರುತ್ತದೆ. ನವೆಂಬರ್‌ನ ಮತದಾನ ಏರಿತು ಎಂದು ಹಿಗ್ಗುವವರು ಆಗಸ್ಟ್‌ನ ಖಾಲಿ ಮತಗಟ್ಟೆಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದೇ ಇಲ್ಲ. ಈ ಇಡೀ ವಿಷಯದಲ್ಲಿ ನನ್ನನ್ನು ಹೆಚ್ಚು ಕಾಡುವುದು ಅದೇ.

ತಿರುಗಿಬಿದ್ದ ಲೆಕ್ಕ

ಕಡಿಮೆ ಮತದಾನವಾದರೆ ರಿಪಬ್ಲಿಕನ್ನರಿಗೆ ಲಾಭ, ಹೆಚ್ಚಾದರೆ ಡೆಮಾಕ್ರಟರಿಗೆ ಎಂಬ ಮಾತು ಬಹಳ ಕಾಲ ನಿಜವಾಗಿತ್ತು. ತಪ್ಪದೆ ಮತ ಹಾಕುವ ಹಿರಿಯರು, ಸ್ವಂತ ಮನೆಯವರು, ಓದಿದ ಬಿಳಿಯರು ರಿಪಬ್ಲಿಕನ್ ಕಡೆ ಇದ್ದರು. ಒಬಾಮ ಅವರನ್ನು ಎರಡು ಸಲ ಗೆಲ್ಲಿಸಿದ ಯುವಜನರು ಎರಡು ಮಧ್ಯಾವಧಿಗಳಲ್ಲೂ ಕಾಣೆಯಾದರು.

2016ರ ನಂತರ ಈ ಲೆಕ್ಕ ತಲೆಕೆಳಗಾಯಿತು. ಡಿಗ್ರಿ ಪಡೆದವರು ಡೆಮಾಕ್ರಟರ ಕಡೆ ಸರಿದರು. ಟ್ರಂಪ್ ಅವರ ಹೊಸ ಬೆಂಬಲಿಗರಲ್ಲಿ ಅಧ್ಯಕ್ಷೀಯ ಚುನಾವಣೆಗೆ ಮಾತ್ರ ಬರುವವರು ಹೆಚ್ಚು. 2024ರಲ್ಲಿ ಮತ ಹಾಕದೇ ಉಳಿದವರನ್ನು ಪ್ಯೂ ಕೇಳಿದಾಗ ಟ್ರಂಪ್ ಕಡೆ ಒಲವು ತೋರಿದವರು ಶೇ 44, ಕಮಲಾ ಹ್ಯಾರಿಸ್ ಕಡೆ ಶೇ 40. 2025ರ ಏಪ್ರಿಲ್‌ನಲ್ಲಿ ವಿಸ್ಕಾನ್ಸಿನ್ ರಾಜ್ಯದ ಸುಪ್ರೀಂ ಕೋರ್ಟಿನ ಒಂದು ಸ್ಥಾನಕ್ಕೆ 23 ಲಕ್ಷಕ್ಕೂ ಹೆಚ್ಚು ಜನ ಮತ ಹಾಕಿ, ಡೆಮಾಕ್ರಟರು ಬೆಂಬಲಿಸಿದ ಸೂಸನ್ ಕ್ರಾಫರ್ಡ್ ಅವರನ್ನು ಸುಮಾರು ಹತ್ತು ಅಂಕಗಳಿಂದ ಗೆಲ್ಲಿಸಿದರು. ಅದಕ್ಕೆ ಕೆಲವೇ ತಿಂಗಳ ಮೊದಲು ಅದೇ ರಾಜ್ಯ ಟ್ರಂಪ್ ಅವರನ್ನು ಆರಿಸಿತ್ತು. ಬೆಂಬಲಿಗರು ಬದಲಾದಂತೆ ಯಾವ ಪಕ್ಷಕ್ಕೆ ಯಾವ ಚುನಾವಣೆ ಹಿತ ಎಂಬುದೂ ಬದಲಾಗುತ್ತದೆ. ಹಳೆಯ ಸೂತ್ರ ಹಿಡಿದು ಅಂಚೆ ಮತಕ್ಕೆ, ನೋಂದಣಿಗೆ ತಡೆ ಹಾಕುವವರು ತಮ್ಮದೇ ಮತದಾರರ ದಾರಿಗೆ ಅಡ್ಡ ನಿಂತಿರಲೂಬಹುದು.

ಎಣಿಕೆಯ ದಿನ ನೋಡಬೇಕಾದ್ದು

ಕಾನೂನಿನ ಪ್ರಕಾರ 2026ರ ಮಧ್ಯಾವಧಿಯ ದಿನ ನವೆಂಬರ್ 3. ಪೂರ್ವ ತೀರದ ಮೊದಲ ದೊಡ್ಡ ಗುಂಪಿನ ರಾಜ್ಯಗಳಲ್ಲಿ ಸಂಜೆ ಏಳಕ್ಕೆ ಮತದಾನ ಮುಗಿಯುವಾಗ ನಮ್ಮಲ್ಲಿ ಬುಧವಾರ ಬೆಳಗಿನ ಐದೂವರೆ. ಅದಕ್ಕೆ ಮೊದಲು ಬರುವ ಸುದ್ದಿಗಳಲ್ಲಿ ಮುಂಗಡ ಮತದ ಅಂಕಿಗಳು ಇರುತ್ತವೆ. ಅವನ್ನು ನೋಡಿ ಅಲೆ ಎದ್ದಿದೆ ಎಂದು ಹೇಳುವುದು ಕಷ್ಟ. ಹೇಗೂ ಮತ ಹಾಕುವವರೇ ಮೊದಲು ಬಂದು ಹಾಕಿರಬಹುದು. ಹಿಂದಿನ ಮಧ್ಯಾವಧಿಗೆ ಬಾರದವರು ಅವರಲ್ಲಿ ಎಷ್ಟು ಮಂದಿ ಎಂಬ ಪ್ರಶ್ನೆಗೆ ಉತ್ತರ ಸಿಕ್ಕರೆ ಅದು ಉಪಯೋಗದ ಮಾಹಿತಿ.

ಫಲಿತಾಂಶ ಬರತೊಡಗಿದ ಮೇಲೆ ಒಂದೇ ರಾಜ್ಯದಲ್ಲಿ ಬೇರೆ ಬೇರೆ ಪಕ್ಷಗಳಿಗೆ ಗಟ್ಟಿಯಾಗಿರುವ ಎರಡು ಕೌಂಟಿಗಳನ್ನು (ನಮ್ಮ ಜಿಲ್ಲೆಗಳಂಥವು) ಆರಿಸಿಕೊಂಡು, ಅಲ್ಲಿ ಬಿದ್ದ ಒಟ್ಟು ಮತ ಎರಡು ವರ್ಷದ ಹಿಂದಿನ ಅಧ್ಯಕ್ಷೀಯ ಚುನಾವಣೆಯ ಮತದ ಎಷ್ಟು ಪಾಲು ಎಂದು ನೋಡಿ. ರಾಜ್ಯದ ಒಂದು ಮೂಲೆಯಲ್ಲಿ ಅದು ಮುಕ್ಕಾಲು ಪಾಲು, ಇನ್ನೊಂದು ಮೂಲೆಯಲ್ಲಿ ಅರ್ಧ ಎಂದಾದರೆ, ಯಾವ ಪಕ್ಷದ ಮತದಾರರು ಮನೆಯಲ್ಲಿ ಉಳಿದರು ಎಂಬುದು ಅಲ್ಲೇ ಗೊತ್ತಾಗುತ್ತದೆ. ಎರಡೂ ಕಡೆ ಪಾಲು ಒಂದೇ ಇದ್ದು ಅಂತರ ಮಾತ್ರ ಬದಲಾಗಿದ್ದರೆ, ಬಂದವರೇ ಮನಸ್ಸು ಬದಲಿಸಿರುವ ಸಾಧ್ಯತೆ ಹೆಚ್ಚು.

ಮೊದಲ ರಾತ್ರಿ ಟಿ.ವಿ. ಪರದೆಯ ಮೇಲೆ ಬರುವ ಮತದಾನದ ಶೇಕಡಾವಾರು ಯಾವಾಗಲೂ ಕಡಿಮೆಯೇ ಇರುತ್ತದೆ. ಬಹುಪಾಲು ಮತ ಅಂಚೆಯಲ್ಲೇ ಬರುವ ಕ್ಯಾಲಿಫೋರ್ನಿಯದಲ್ಲಿ ಒಂದೊಂದು ಲಕೋಟೆಯ ಸಹಿಯನ್ನೂ ತಾಳೆ ನೋಡಿ ಎಣಿಸಬೇಕು, ವಾರಗಳೇ ಹಿಡಿಯುತ್ತವೆ. ರಾಜ್ಯಗಳು ಫಲಿತಾಂಶ ದೃಢೀಕರಿಸಿ ಮುಗಿಸುವಾಗ ಡಿಸೆಂಬರ್ ಬಂದಿರುತ್ತದೆ. ವಯಸ್ಸು, ಓದು, ಜನಾಂಗದ ಪ್ರಕಾರ ಯಾರು ಬಂದರು ಎಂಬ ಜನಗಣತಿ ಇಲಾಖೆಯ ಸಮೀಕ್ಷೆ, ಹೆಸರು ಹಿಡಿದು ತಾಳೆ ನೋಡಿದ ಮತದಾರರ ಕಡತಗಳ ವಿಶ್ಲೇಷಣೆ, ಇವು ಹೊರಬರುವುದು ಮರುವರ್ಷ. ಚುನಾವಣೆಯ ಮಾರನೇ ದಿನ ಉತ್ಸಾಹದ ಬಗ್ಗೆ ಬರೆದ ಲೇಖನಗಳನ್ನು ಕತ್ತರಿಸಿಟ್ಟುಕೊಂಡು ಆಗ ಮತ್ತೊಮ್ಮೆ ಓದಬಹುದು.